ಕೆಂಪು ಪೆನ್ಸಿಲಿನ ಹನ್ನೊಂದು ಸಾಲು

ಪ್ರದರ್ಶನದ ದಿನ ಬೆಳಿಗ್ಗೆ ನಿರ್ದೇಶಕ ನನ್ನ ನಾಟಕದ ಹನ್ನೊಂದು ಸಾಲನ್ನು ಕೆಂಪು ಪೆನ್ಸಿಲಿನಲ್ಲಿ ಹೊಡೆದುಹಾಕಿ, ತಂದು ತೋರಿಸಿದ. ಹಲ್ಲು ಬೇರೆ ಕಿರಿದ.

"ಬೇಜಾರು ಮಾಡ್ಕೋಬೇಡಿ ಅಮ್ಮಾ. ದೊರೆಸಾನಿ ಮೊಮ್ಮಗಳು ಇವತ್ತು ಮುಂದಿನ ಕುರ್ಚೀಲೇ ಕೂತಿರ್ತಾರೆ. ಈ ರಂಗಮಂದಿರಕ್ಕೆ ಹೊಸ ಚಾವಣಿ ಹಾಕಿಸಿದ್ದೇ ಅವರು. ಅವರೆದುರಿಗೇ ಅವರಜ್ಜಿ ಮಾನ ಕಳೆಯೋದಾ?"

"ನನ್ನ ಬಾಯಿಗೆ ಸೋಪು ತುರುಕಿದಾಗ ಆ ಅಜ್ಜಿಗೆ ಮಾನ ಇತ್ತೇನಪ್ಪಾ?"

"ಎಪ್ಪತ್ತು ವರ್ಷದ ಹಿಂದಿನ ಮಾತು, ಬಿಟ್ಹಾಕಿ."

ಬಿಟ್ಟುಹಾಕಬೇಕಂತೆ! ನನ್ನಪ್ಪ ಬಿಳಿ ದೊರೆಯ ಬಂಗಲೆಯಲ್ಲಿ ಅಡುಗೆಯವನು. ದೊರೆಸಾನಿಗೆ ಕ್ಲಬ್ಬಿನಲ್ಲಿ ನಾಟಕವಾಡುವ ಹುಚ್ಚು. ಮಾತು ಮಾತ್ರ ನೆನಪಿರುತ್ತಿರಲಿಲ್ಲ. ಒಂಬತ್ತು ವರ್ಷದ ನನಗೆ ತನ್ನ ಭಾಷೆ ಓದಲು ಕಲಿಸಿ, ಪರದೆಯ ಮರೆಯಲ್ಲಿ ಪುಸ್ತಕ ಕೊಟ್ಟು ಕೂರಿಸಿದಳು. ನಾನು ಪಿಸುಗುಟ್ಟಿದ್ದನ್ನು ಗಟ್ಟಿಯಾಗಿ ಹೇಳಿ ಚಪ್ಪಾಳೆ ಗಿಟ್ಟಿಸುತ್ತಿದ್ದಳು. ಒಂದು ದಿನ ಅವಳ ಅತಿಥಿಗಳೆದುರು "ಅಪ್ಪಾ, ಹೊಟ್ಟೆ ಹಸೀತಿದೆ" ಎಂದು ನಮ್ಮ ಮಾತಿನಲ್ಲಿ ಕೂಗಿಬಿಟ್ಟೆ. ಅದಕ್ಕೇ ಸೋಪು. ಉಗುಳಿದರೆ ಮತ್ತೆ ತುರುಕಿದಳು. ಅಪ್ಪ ಬಾಗಿಲಲ್ಲೇ ನಿಂತಿದ್ದ, ತುಟಿ ಪಿಟಕ್ಕೆನ್ನಲಿಲ್ಲ. ಅವನನ್ನೂ ನಾನು ಕ್ಷಮಿಸಿಲ್ಲ.

ನಲವತ್ತು ನಾಟಕ ಬರೆದೆ. ಆ ದೃಶ್ಯ ಬರೆಯುವ ಧೈರ್ಯ ಬಂದದ್ದು ಇದರಲ್ಲಿ ಮಾತ್ರ. ಇನ್ನೊಂದು ಬರೆಯುವಷ್ಟು ಆಯುಸ್ಸು ನನಗಿಲ್ಲ.

"ಆಯ್ತಪ್ಪ, ನಿನ್ನಿಷ್ಟ" ಎಂದೆ. ನಂಬಿದ, ಪೆದ್ದ! ನನ್ನ ನಾಟಕಗಳಿಗೆ ಇವತ್ತಿಗೂ ಮರೆಯಲ್ಲಿ ಕೂತು ಮಾತು ಹೇಳಿಕೊಡುವ ಪ್ರಾಂಪ್ಟರ್ ನಾನೇ ಎನ್ನುವುದು ಅವನ ತಲೆಗೇ ಹೊಳೆಯಲಿಲ್ಲ. ದೊರೆಸಾನಿ ಪಾತ್ರದವಳಂತೂ ಮಹಾ ಮರೆಗುಳಿ. ರಂಗದ ಮೇಲೆ ನನ್ನಿಂದ ಕಿವಿಗೆ ಬಿದ್ದದ್ದನ್ನೇ ಹೇಳುತ್ತಾಳೆ, ಯೋಚಿಸುವುದಿಲ್ಲ. ನಿರ್ದೇಶಕ ತೆಗೆಸಿದ್ದ ಸೋಪಿನ ಬಿಲ್ಲೆಯನ್ನು ನಾನೇ ಮತ್ತೆ ಮೇಜಿನ ಮೇಲಿಟ್ಟೆ.

ಸಂಜೆ ಆ ಜಾಗ ಬಂತು. ನಟಿ ಎಂದಿನಂತೆ ಕಣ್ಣುಕಣ್ಣು ಬಿಡುತ್ತಾ ಪಕ್ಕದ ಪರದೆಯ ಹಿಂದಿದ್ದ ನನ್ನತ್ತ ನೋಡಿದಳು. ಗೆರೆ ಎಳೆದ ಮೊದಲನೆಯ ಸಾಲನ್ನು ಪಿಸುಗುಟ್ಟಿದೆ.

"ಬಾಯಿ ತೆಗಿಯೇ, ಕೊಳಕು ಮುಂಡೇದೇ!" ಎಂದು ಅಬ್ಬರಿಸಿ ಅವಳು ಸೋಪು ಎತ್ತಿಕೊಂಡಳು.

ಎದುರು ಬದಿಯಲ್ಲಿ ನಿರ್ದೇಶಕ ಹಣೆ ಚಚ್ಚಿಕೊಂಡ. ಮುಂದಿನ ಕುರ್ಚಿಯಲ್ಲಿದ್ದ ಮೊಮ್ಮಗಳ ಮುಖ ಹುಳ್ಳಗಾಯಿತು. ನಾನು ಎರಡನೆಯದು ಕೊಟ್ಟೆ, ಮೂರನೆಯದು ಕೊಟ್ಟೆ. ಹನ್ನೊಂದನೆಯದು ಮುಗಿಯುವ ಹೊತ್ತಿಗೆ ಮೊಮ್ಮಗಳು ಎದ್ದು ಹೊರಟಿದ್ದಳು.

ಹೋಗಲಿ. ಈ ಕೆಲಸ ನನಗೆ ಕಲಿಸಿದ್ದು ಅವಳಜ್ಜಿಯೇ.