ಕಂಡಿಕೆ ಸುತ್ತುವವರು

ಸೇಲಂ ಜೈಲಿನ ಕೈಮಗ್ಗದ ತರಗತಿಯ ಮೇಲೆ ವರದಿ ಬರೆಯುವುದು ಆ ವರ್ಷ, ತೊಂಬತ್ನಾಲ್ಕರಲ್ಲಿ, ಅಲ್ಲಿ ಅಕ್ಷರ ಕಲಿಸುತ್ತಿದ್ದ ನನ್ನ ಪಾಲಿಗೆ ಬಂದಿತ್ತು. ಶುಕ್ರವಾರ ಮೇಲಧಿಕಾರಿ ಬರುವ ಹೊತ್ತಿಗೆ ನಾಲ್ಕೂ ಮಗ್ಗ ಓಡುತ್ತಿರಬೇಕು, ಇಲ್ಲದಿದ್ದರೆ ತರಗತಿ ಮುಚ್ಚುತ್ತಾರೆ ಎಂದು ಹೇಳಿದ್ದರು. ಬುಧವಾರ ಹೋದಾಗ ಒಂದೂ ಓಡುತ್ತಿರಲಿಲ್ಲ. ‘ಕೈದಿಗಳಿಗೆ ಆಸಕ್ತಿಯಿಲ್ಲ’ ಎಂದು ಬರೆಯಲು ಹೊರಟವಳು ಹೆದರಿ ನಿಲ್ಲಿಸಿದೆ. ನನ್ನ ಆ ಒಂದು ಮಾತಿಗೆ ಹನ್ನೆರಡು ಜನ ಮತ್ತೆ ಗೋಡೆ ನೋಡುತ್ತ ಕೂರಬೇಕಾಗುತ್ತಿತ್ತು.

ಆಸಕ್ತಿಯಿಲ್ಲದವರು ಬೆಳಗಾಗುತ್ತಲೇ ಬಂದು ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಏಕೆ ಕೂರುತ್ತಾರೆ? ಸುತ್ತ ನೋಡಿದೆ. ಲಾಳಿಗಳು ಖಾಲಿ. ಮೊದಲ ತಿಂಗಳು, ಲಾಳಿಯೊಳಗೆ ಕೂರಿಸುವ, ನೂಲು ಸುತ್ತಿದ ಕಂಡಿಕೆಗಳೇ ಹೊರಗಿನಿಂದ ಬರುತ್ತಿದ್ದವು. ಈಗ ಬರೀ ನೂಲಿನ ಲಡಿ ಬಂದು ಬಿದ್ದಿತ್ತು. ಅದನ್ನು ಕಂಡಿಕೆಗೆ ಸುತ್ತುವ ಮೂಲೆಯ ರಾಟೆಯನ್ನು ಯಾರೂ ಮುಟ್ಟಿರಲಿಲ್ಲ.

“ಸುತ್ತೋಕೆ ಯಾರೂ ಇಲ್ವಾ?” ಎಂದೆ.

“ಅದು ಎಂಗಸ್ರ ಕೆಲ್ಸ, ಟೀಚರಮ್ಮ,” ಎಂದ ಮೊದಲ ಮಗ್ಗದಲ್ಲಿ ಕೂತಿದ್ದ ಪೊನ್ನುಸ್ವಾಮಿ. “ನಮ್ಮನೇಲಿ ಗಂಡಸ್ರು ರಾಟೆ ಮುಟ್ಟಾಕಿಲ್ಲ.”

ಎಲ್ಲರೂ ಎಡಪ್ಪಾಡಿ ಕಡೆಯ, ಕನ್ನಡ ಮನೆಮಾತಿನ ನೇಕಾರರ ಮನೆಯವರು.

ಆಗ ಅಣ್ಣಯ್ಯಪ್ಪ ಎದ್ದರು. ಜೀವಾವಧಿ ಶಿಕ್ಷೆಯವರು, ಅವರಲ್ಲೆಲ್ಲ ಒಳ್ಳೆಯ ನೇಕಾರ. ಕುಣಿಯಿಂದ ಮೇಲೆ ಬಂದು ರಾಟೆಯ ಮುಂದೆ ಮಂಡಿ ಮಡಿಸಿ ಕೂತರು.

“ಅಯ್ಯಯ್ಯೋ, ಮಾಮಾ! ಸೀರೆ ಒಂದು ತರ್ಸಿ ಕೊಡ್ಲಾ?” ಪೊನ್ನುಸ್ವಾಮಿ ನಕ್ಕ.

“ತರ್ಸಲೇ. ನೀನೇ ನೇಯ್ದು ಕೊಡು, ಉಟ್ಕತೀನಿ.” ಅವರು ತಲೆಯೆತ್ತಲಿಲ್ಲ. “ನನ್ ಎಂಡ್ರು ಇಪ್ಪತ್ ವರ್ಸ ಸುತ್ತಿದ್ಲು. ಸುಲಭ ಅಂದ್ಕಂಡಿದ್ದೆ. ನೋಡು, ಎಳೆ ನಿಲ್ತಾನೇ ಇಲ್ಲ.”

ನಿಜಕ್ಕೂ ನಿಲ್ಲುತ್ತಿರಲಿಲ್ಲ. ಮೊದಲ ಕಂಡಿಕೆ ಸೋರೆಕಾಯಿಯಂತೆ ಉಬ್ಬಿತು. ಬಿಚ್ಚಿದರು, ಮತ್ತೆ ಸುತ್ತಿದರು. ಐದನೆಯದು ಲಾಳಿಯೊಳಗೆ ಕೂತಿತು. ಪೊನ್ನುಸ್ವಾಮಿ ಅದನ್ನು ಇಸಿದುಕೊಂಡು ತನ್ನ ಮಗ್ಗಕ್ಕೆ ಹೋದ. ಮಧ್ಯಾಹ್ನದ ಹೊತ್ತಿಗೆ ಇನ್ನಿಬ್ಬರು ಲಡಿ ಬಿಡಿಸಲು ಬಂದು ಕೂತರು.

ಶುಕ್ರವಾರ ಅಧಿಕಾರಿ ಬಂದಾಗ ಅಲ್ಲಿ ಮಾತು ಕೇಳಿಸದಷ್ಟು ಮಗ್ಗದ ಸದ್ದು. ಅವರು ನನ್ನ ವರದಿ ಓದಿ, ಇನ್ನೊಂದು ವರ್ಷ ನಡೆಯಲಿ ಎಂದರು. ಎಲ್ಲರೂ ಎದ್ದು ಕೈಮುಗಿದರು. ಅಣ್ಣಯ್ಯಪ್ಪ ಮಾತ್ರ ಎಳೆ ಹಿಡಿದೇ ಇದ್ದರು.

“ಇನ್ನೊಂದು ರಾಟೆ ಕೊಡ್ಸಿ, ಸಾರ್,” ಎಂದರು. “ನಾಕು ಮಗ್ಗಕ್ಕೆ ನಾನೊಬ್ನೇ ಸಾಲಾಕಿಲ್ಲ.”

“ಯಾರು ಕೂರ್ತಾರೆ ಅದಕ್ಕೆ?” ಅಧಿಕಾರಿ ಕೇಳಿದರು.

ಪೊನ್ನುಸ್ವಾಮಿ ನೆಲ ನೋಡುತ್ತ ಕೈ ಎತ್ತಿದ.