ಕೆಂಚವ್ವ ಹಚ್ಚಿದ ಒಲೆ

ಹೆಂಡತಿ ಕಾಮಾಲೆಯಿಂದ ತೀರಿಕೊಂಡು ಮೂರು ವಾರವಾದ ಮೇಲೆ ಗೂಳಪ್ಪ ಮತ್ತೆ ದಾಂಡೇಲಿಯ ಕಾಗದದ ಮಿಲ್ಲಿಗೆ ಹೋಗತೊಡಗಿದ. ಅದು ೧೯೬೩ರ ಮಾತು. ಮನೆಯಲ್ಲಿ ಏಳು ವರ್ಷದ ಕೆಂಚವ್ವ, ಮೂರು ವರ್ಷದ ನಿಂಗಪ್ಪ ಇದ್ದರು. ಅವನಿಗೆ ಆ ವಾರ ಬೆಳಗಿನ ಪಾಳಿ. ನಸುಕಿನಲ್ಲೇ ಎದ್ದು ರೊಟ್ಟಿ ಬಡಿದಿಟ್ಟು, ಮಗಳ ತಲೆ ಬಾಚಿ, ಇಬ್ಬರನ್ನೂ ಪಕ್ಕದ ಮನೆಯ ಸಕೀನಾಳಿಗೆ ಒಪ್ಪಿಸಿ ಹೋಗುತ್ತಿದ್ದ. ಐದು ದಿನ ಹೇಗೋ ನಡೆಯಿತು.

ಶನಿವಾರ ಮಧ್ಯಾಹ್ನ ಅವನು ಬಂದಾಗ ಸಕೀನಾ ಕೆಂಚವ್ವನ ಸುಟ್ಟ ಅಂಗೈಗೆ ಎಣ್ಣೆ ಹಚ್ಚುತ್ತಿದ್ದಳು.

"ನಾ ನೀರಿಗೆ ಹೋಗಿದ್ನಿ ಅಣ್ಣಾರ. ಅಪ್ಪ ಹಸದ ಬರ್ತಾನಂತ ಒಲಿ ಹಚ್ಚಿ ರೊಟ್ಟಿ ಮಾಡಾಕ ಹೋಗ್ಯಾಳ."

ಗೂಳಪ್ಪ ಯಾರನ್ನೂ ಬೈಯಲಿಲ್ಲ. ಆ ರಾತ್ರಿ ಮಕ್ಕಳ ಬಟ್ಟೆಬರೆಗಳನ್ನು ಗಂಟು ಕಟ್ಟಿದ. ಮರುದಿನ ಮಕ್ಕಳನ್ನು ಬಸ್ಸಿನಲ್ಲಿ ಹಳಿಯಾಳಕ್ಕೆ, ಅವರ ಅಜ್ಜಿಯ ಮನೆಗೆ ಕರೆದೊಯ್ದ.

ಅವನು ಒಬ್ಬನೇ ಹೊರಟು ನಿಂತಾಗ ಕೆಂಚವ್ವ ಅವನ ಅಂಗಿ ಹಿಡಿದಳು.

"ಅಪ್ಪಾ, ಇನ್ನ ಒಲಿ ಮುಟ್ಟೂದಿಲ್ಲ. ನಮ್ಮನ್ನ ಕರಕೊಂಡ ಹೋಗು."

"ನೀ ಏನೂ ತಪ್ಪ ಮಾಡಿಲ್ಲವ್ವಾ."

ಅವಳು ನಂಬಲಿಲ್ಲ. ಅಜ್ಜಿ ಬಂದು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.