ಬೇಡಮ್ಮ ಮತ್ತು ಕರೆಯದೆ ಬಂದ ಗಂಟೆ

ಅವರು ‘ಬೇಡ’ ಎಂದರೆ ಆ ಮಾತಿಗೆ ಬಾಲವಿರುತ್ತಿರಲಿಲ್ಲ. ನಾವೆಲ್ಲ ‘ಬೇಡ, ಈಗ ತಾನೇ ಆಯಿತು’, ‘ಬೇಡ, ಇನ್ನೊಮ್ಮೆ ನೋಡೋಣ’ ಎಂದು ನಿರಾಕರಣೆಯ ಬೆನ್ನಿಗೆ ಒಂದು ಮೆತ್ತನೆಯ ದಿಂಬು ಕಟ್ಟಿ ಕಳಿಸುತ್ತೇವೆ. ಅವರು ಆ ಎರಡಕ್ಷರವನ್ನು ಬರಿಗೈಯಲ್ಲಿ ಕಳಿಸುತ್ತಿದ್ದರು, ಎದುರಿನವರ ಮುಖ ನೋಡುತ್ತಲೇ, ವಿವರಣೆಯಿಲ್ಲದೆ. ನೆಂಟರಿಷ್ಟರ ನಡುವೆ ಅವರಿಗೆ ಬೇಡಮ್ಮ ಎಂಬ ಹೆಸರು ನಿಂತದ್ದು ಹೀಗೆ. ಕನ್ನಡಕದ ಅಂಗಡಿ ನಡೆಸಿ ನಿವೃತ್ತರಾದ ಅವರ ಗಂಡನಿಗೆ ಅಷ್ಟೇ ನ್ಯಾಯವಾಗಿ ಹೂಂ ಭಾವ ಎಂಬ ಹೆಸರಿತ್ತು. ಯಾರು ಏನು ಕೇಳಿದರೂ ಅವರದು ಹೂಂ. “ಇಬ್ಬರನ್ನೂ ಕಲಸಿ ಮತ್ತೆ ಎರಡು ಪಾಲು ಮಾಡಿದ್ರೆ ಸರಿಹೋಗ್ತಿತ್ತು” ಎಂದು ನಾದಿನಿ ನಗುತ್ತಿದ್ದಳು.

ಬೇಡಮ್ಮನ ಕೆಲಸ ಕಣ್ಣಿಲ್ಲದವರಿಗಾಗಿ ಪುಸ್ತಕ ಓದಿ ಧ್ವನಿಮುದ್ರಿಸುವುದು. ಹಿಂದಿನ ಕೋಣೆಯಲ್ಲಿ ಬೀರುವಿನ ಬಾಗಿಲು ತೆರೆದು, ನೇತಾಡುವ ಬಟ್ಟೆಗಳಿಗೆ ಮುಖಮಾಡಿ, ನಿಂತೇ ಓದುತ್ತಿದ್ದರು. ಗೋಡೆಗೆ ಓದಿದರೆ ದನಿ ತಿರುಗಿ ಬರುತ್ತದೆ, ಬಟ್ಟೆಗಳು ಅದನ್ನು ಕುಡಿದುಬಿಡುತ್ತವೆ. ಮೈಮೇಲೆ ಸದಾ ಒಂದು ಹಳೆಯ ಉಣ್ಣೆಯ ಕೋಟು. ಅದಕ್ಕೆ ಒಂದೇ ಒಂದು ಗುಂಡಿಯೂ ಇರಲಿಲ್ಲ. ಮೇಜಿಗೆ ತಗುಲಿ ಟಕ್ ಎಂದದ್ದಕ್ಕೆ ಎಲ್ಲವನ್ನೂ ಕಿತ್ತುಹಾಕಿದ್ದರು. ವರ್ಷಾನುಗಟ್ಟಲೆ ಸದ್ದಾಗದಂತೆ ಪಾದದ ಅಂಚಿನ ಮೇಲೆ ನಡೆದು ನಡೆದು ಬೀದಿಯಲ್ಲೂ ಅದೇ ನಡಿಗೆ, ಎಲ್ಲೋ ಒಂದು ಮಗು ಮಲಗಿದೆಯೇನೋ ಎಂಬಂತೆ. ಓದಿದ್ದನ್ನೆಲ್ಲ ಮರಳಿ ಕೇಳಿ ತಿದ್ದುತ್ತಿದ್ದರು, ಕೊನೆಯ ಅಧ್ಯಾಯವೊಂದನ್ನು ಬಿಟ್ಟು. ಅದನ್ನು ಕೇಳಿದರೆ ಅವರಿಗೆ ಅಳು ಬಂದುಬಿಡುತ್ತಿತ್ತು.

ಹಾಗೆ ಕೇಳದೆ ತೆರೆದುಬಿಟ್ಟ ಬಾಗಿಲಿನಿಂದಲೇ ಕೇಡು ಒಳಗೆ ಬಂತು.

ಹಿಂದೆ ಬಸ್ಸು ಓಡಿಸುತ್ತಿದ್ದು ಈಗ ದೃಷ್ಟಿ ಕಳೆದುಕೊಂಡಿದ್ದ ಡ್ರೈವರೊಬ್ಬರು ಅವರ ಹಳೆಯ ಕೇಳುಗರು. ಮನೆ ಬಿಟ್ಟುಹೋದ ತಮ್ಮನಿಗಾಗಿ ಅಕ್ಕನೊಬ್ಬಳು ಕಾಯುವ ಕಾದಂಬರಿಯನ್ನು ಅವರಿಗೆ ಕಳಿಸಿದ್ದಾಗಿತ್ತು. ಒಂದು ಬೆಳಗ್ಗೆ ಅವರ ಫೋನು ಬಂತು.

“ಕೊನೇಲಿ ಬೆಲ್ ಆಯ್ತಲ್ಲ ತಾಯಿ, ಇಳಿದವರು ಯಾರು?”

“ಯಾವ ಬೆಲ್?”

“ಅಕ್ಕ ದೀಪ ಆರಿಸೋಕೆ ಏಳ್ತಾಳಲ್ಲ, ಆಗ. ನಾನಂತೂ ಬೆಲ್ ಆದ್ರೆ ನಿಲ್ಲಿಸೋ ಜಾತಿ. ಮೆಷಿನ್ ನಿಲ್ಲಿಸಿಬಿಟ್ಟೆ. ಬಂದನಲ್ಲಪ್ಪ ಅಂತ ಕಣ್ಣಲ್ಲಿ ನೀರೇ ಬಂತು. ಹೆಂಡತೀನ ಕರೆದು ಹೇಳಿದೆ, ಟೀ ಕುಡಿದೆ, ಮತ್ತೆ ಹಾಕಿದ್ರೆ ಅವಳು ದೀಪ ಆರಿಸಿ ಮಲಗೇಬಿಟ್ಟಳು. ಬಾಗಿಲು ತೆಗೀಲೇ ಇಲ್ಲ. ನೀವು ಓದಿದ್ದನ್ನ ನಂಬ್ಲಾ, ಬೆಲ್ಲನ್ನ ನಂಬ್ಲಾ?”

ಬೇಡಮ್ಮ ಆ ಅಧ್ಯಾಯವನ್ನು ಮೊದಲ ಬಾರಿ ಕೇಳಿದರು. ಅಕ್ಕ ಏಳುತ್ತಾಳೆ, ಟಣ್. ಅದು, ಓದಿದ್ದನ್ನು ಮುದ್ರಿಸಿಕೊಳ್ಳುತ್ತಿದ್ದ ಕಂಪ್ಯೂಟರಿನ ಗಂಟೆ. ಪರದೆಯ ಮೂಲೆಯಲ್ಲಿ ಯಾವುದೋ ಪದಬಂಧದ ಜಾಲತಾಣ ‘ನಿಮ್ಮ ಅದೃಷ್ಟ ಕಾಯುತ್ತಿದೆ, ಇಲ್ಲಿ ಒತ್ತಿ’ ಎಂದು ಹಲ್ಲುಕಿರಿದು ಮಾಯವಾಗಿತ್ತು. ಬೀರುವಿಗೆ ಮುಖಮಾಡಿದ್ದ ಅವರು ನೋಡಿರಲಿಲ್ಲ; ಅಕ್ಕನ ಜೊತೆಗಿದ್ದ ಕಿವಿಗೆ ಅದು ಕೇಳಿಸಿರಲೂ ಇಲ್ಲ.

ಮತ್ತೆ ಓದಿ ಕಳಿಸುತ್ತೇನೆ, ಅಲ್ಲಿಯವರೆಗೆ ಬೇರೊಂದು ಪುಸ್ತಕ ಕೊಡಲೇ ಎಂದು ಕೇಳಿದಾಗ ಡ್ರೈವರು ಹೇಳಿದ್ದು ಒಂದೇ ಮಾತು. “ಬೇಡ.” ಆ ಮಾತಿಗೂ ಬಾಲವಿರಲಿಲ್ಲ.

ಅಂದಿನಿಂದ ಬೇಡಮ್ಮ ಉರಿದ ಉರಿಯನ್ನು ಕಂಡವರೇ ಬಲ್ಲರು. ಸೆಟ್ಟಿಂಗ್ಸ್ ತೆರೆದರೆ ಸೂಚನೆಗಳ ಪಟ್ಟಿಯಲ್ಲಿ ಆ ತಾಣ ಮನೆಯ ಹಿರಿಮಗನಂತೆ ಕೂತಿತ್ತು. ಆಫ್ ಮಾಡಿದರು, ಬಾಯಿ ಮುಚ್ಚಿತು, ಹೆಸರು ಕದಲಲಿಲ್ಲ. ರಿಪೇರಿ ಅಂಗಡಿಯವನಿಗೆ ಫೋನು ಮಾಡಿದರು.

“ಆಫ್ ಆಗಿದ್ಯಲ್ಲ ಮೇಡಂ, ಹೆಸರಿದ್ರೆ ಏನು ತೊಂದ್ರೆ?”

“ನಿಮ್ಮ ಪಡಸಾಲೇಲಿ ಗುರುತಿಲ್ಲದೋನು ಬಂದು ಮಲಗಿದ್ರೆ, ಮಾತಾಡ್ತಿಲ್ವಲ್ಲ ಅಂತ ಹೊದಿಕೆ ಹೊದಿಸ್ತೀರೇನ್ರಿ?”

ಅವನು ದಾರಿ ಹೇಳಿಕೊಟ್ಟ. ಬ್ರೌಸರಿನೊಳಗೆ ಹೋಗಿ, ಹೆಸರಿನ ಪಕ್ಕದ ಮೂರು ಚುಕ್ಕಿ ಒತ್ತಿ, ‘ತೆಗೆದುಹಾಕಿ’ ಎಂದರು. ತಾಣ ಉಳಿಸಿಹೋಗಿದ್ದ ಕಸವನ್ನೂ ಗುಡಿಸಿ, ಕಂಪ್ಯೂಟರನ್ನು ಆರಿಸಿ ಹೊತ್ತಿಸಿದರು. ಹೆಸರು ಹೋಗಿತ್ತು. ಆದರೆ ಮರುದಿನ ಸಂಜೆ ಓದಲು ನಿಂತರೆ ಟಣ್. ಮತ್ತೆ ಅಳಿಸಿದರು, ಮತ್ತೆ ಟಣ್. ಗಂಟೆಯ ಸದ್ದನ್ನೇ ಅಡಗಿಸಿಬಿಡಿ ಎಂದು ಅಂಗಡಿಯವನು ಅಂದದ್ದಕ್ಕೆ ಅವರು ಸಿಡಿದರು. “ಅವನು ಕೂಗ್ತಾನೆ ಅಂತ ನಾನು ಕಿವಿ ಮುಚ್ಕೋಬೇಕಾ? ಇದು ಯಾರ ಮನೆ?”

ಸಿಕ್ಕಿಬಿದ್ದದ್ದು ಒಂದು ಮಧ್ಯಾಹ್ನ. ಮಾರುಕಟ್ಟೆಯಿಂದ ಬೇಗ ಬಂದ ಬೇಡಮ್ಮ ಪಾದದ ಅಂಚಿನ ಮೇಲೆ ಒಳಗೆ ಬಂದರೆ, ಹೂಂ ಭಾವ ಅವರ ಕಂಪ್ಯೂಟರಿನ ಮುಂದೆ ಪೆನ್ಸಿಲು ಕಚ್ಚಿಕೊಂಡು ಪದಬಂಧ ಬಿಡಿಸುತ್ತಿದ್ದರು.

“ನೀವಾ!”

“ಸೂಚನೆ ಕಳಿಸೋಕೆ ಅನುಮತಿ ಕೊಡ್ತೀರಾ ಅಂತ ಕೇಳ್ತು ಕಣೇ. ಎಷ್ಟು ಮರ್ಯಾದೆಯಿಂದ ಕೇಳುತ್ತೆ ಅಂತೀಯ. ಹೂಂ ಅಂದೆ.”

“ಒಂದು ಸಲ ಅಂದ್ರೆ ಸಾಯ್ಲಿ. ದಿನಾ ಅನ್ನೋದಾ? ನಾನಿಲ್ಲಿ ದಿನಾ ಅಳಿಸ್ತಾ ಸಾಯ್ತಿದೀನಿ!”

“ನೀನು ಅಳಿಸೋದಕ್ಕೇ ಅದು ದಿನಾ ಕೇಳ್ತಿರೋದು,” ಎಂದರು ಹೂಂ ಭಾವ, ಪೆನ್ಸಿಲನ್ನು ಕೆಳಗಿಡುತ್ತ. “ನೆನಪೇ ಅಳಿಸಿಹೋದ ಮೇಲೆ ಹೊಸಬರ ಥರ ಬಂದು ನಿಲ್ಲುತ್ತೆ, ಪಾಪ.”

ಬೇಡಮ್ಮ ಅಲ್ಲೇ ಕುರ್ಚಿಗೆ ಒರಗಿ, ಗಂಡ ಪ್ರತಿದಿನ ಹೂಂ ಎನ್ನುತ್ತಿದ್ದ ಆ ಪ್ರಶ್ನೆಯನ್ನು ತರಿಸಿ ನೋಡಿದರು. ‘ಅನುಮತಿಸಿ’ ಎಂಬುದು ಕಣ್ಣು ಕುಕ್ಕುವ ನೀಲಿಯಲ್ಲಿ. ಪಕ್ಕದಲ್ಲಿ ಬೂದುಬಣ್ಣದಲ್ಲಿ, ಸಣ್ಣದಾಗಿ, ‘ಈಗ ಬೇಡ’.

“ಈಗ ಬೇಡವಂತೆ! ನಾನು ಯಾವತ್ತು ‘ಈಗ’ ಅಂದೆ? ಬೇಡ ಅಂತ ನೆಟ್ಟಗೆ ಬರೆಯೋಕೆ ಇವರ ಕೈ ಸೇದಿಹೋಗಿತ್ತಾ?”

ಸೆಟ್ಟಿಂಗ್ಸಿನಲ್ಲಿ ‘ನಿರ್ಬಂಧಿಸಿದವು’ ಎಂಬ ಇನ್ನೊಂದು ಸಾಲಿತ್ತು. ಒಮ್ಮೆ ಅಲ್ಲಿ ಬರೆದರೆ ತಾಣ ಇನ್ನೆಂದೂ ಕೇಳಲಾರದು. ಆದರೆ ಹೆಸರು ಅಲ್ಲೇ, ಪಟ್ಟಿಯಲ್ಲೇ ಉಳಿಯುತ್ತದೆ. ಯಾವ ಹೆಸರನ್ನು ಗುರುತೂ ಇಲ್ಲದಂತೆ ಒರೆಸಿಹಾಕಲು ಅಷ್ಟು ಹೆಣಗಿದ್ದರೋ ಅದನ್ನು ಬೇಡಮ್ಮ ತಮ್ಮ ಕೈಯಾರೆ, ಒಂದೊಂದೇ ಅಕ್ಷರ ಕುಟ್ಟಿ, ಅಲ್ಲಿ ಬರೆದರು. ಹಲ್ಲು ಕಚ್ಚಿಕೊಂಡೇ ಬರೆದರು. ಪದಬಂಧಕ್ಕೇನೂ ಅಡ್ಡಿಯಾಗಲಿಲ್ಲ, ಹೂಂ ಭಾವ ಮಾತ್ರ, ಯಾರೂ ಏನೂ ಕೇಳುವುದಿಲ್ಲವೆಂದು ಕೆಲವು ದಿನ ಮಂಕಾಗಿದ್ದರು.

ಬೇಡಮ್ಮ ಕೊನೆಯ ಅಧ್ಯಾಯವನ್ನು ಮತ್ತೆ ಓದಿದರು. ಈ ಸಲ ಕೂತು, ಕಣ್ಣೊರೆಸಿಕೊಳ್ಳುತ್ತ, ಪೂರ್ತಿ ಕೇಳಿಯೇ ಕಳಿಸಿದರು. ಡ್ರೈವರು ಫೋನು ಮಾಡಿ ಹೇಳಿದರು: “ಯಾರೂ ಬರಲಿಲ್ಲ ತಾಯಿ. ಈಗ ಸರಿಹೋಯ್ತು.” ಆಮೇಲೆ, “ಮುಂದಿನ ಪುಸ್ತಕ ಯಾವುದು?”

ಬೇಡಮ್ಮನಂಥವರನ್ನು ನಾವು ಒರಟರೆಂದು ಕರೆದು ಹೂಂ ಎನ್ನುವವರ ಮನೆಯಲ್ಲಿ ಸುಖವಾಗಿ ಕೂರುತ್ತೇವೆ. ಬೇಡ ಎನ್ನುವವರು ಬಾಗಿಲಲ್ಲಿ ಕಾವಲು ನಿಲ್ಲುವುದು ತಮ್ಮೊಬ್ಬರ ನೆಮ್ಮದಿಗಾಗಿ ಎಂದುಕೊಳ್ಳುತ್ತೇವೆ, ಒಳಗೆ ಇಣುಕುವುದಿಲ್ಲ. ಹೊರಗಟ್ಟಿದವರ ಹೆಸರನ್ನು ಮರೆತು ಹಗುರಾಗುವ ಸುಖವೂ ಅವರಿಗಿಲ್ಲ, ಕಾವಲಿರುವವರು ಮರೆಯುವಂತಿಲ್ಲ. ಅವರ ಬೆನ್ನ ಹಿಂದೆ, ಯಾವುದೋ ಕೋಣೆಯಲ್ಲಿ, ಒಬ್ಬರು ಬರೀ ಕಿವಿಯೊಂದನ್ನೇ ನಂಬಿ ಕೂತಿರುತ್ತಾರೆ.